ಮೂವತ್ತು ಸಾವಿರದ ಲೆಕ್ಕ ಬಿಡಿ, ವಯೋಲಾದ ಕುದುರೆ ನೋಡಿ

ವೆಲ್ವೆಟ್ ಅಂಡರ್‌ಗ್ರೌಂಡ್ ಅನ್ನುವ ಅರವತ್ತರ ದಶಕದ ಅಮೆರಿಕನ್ ರಾಕ್ ಬ್ಯಾಂಡಿನ ಬಗ್ಗೆ ಯಾರೇ ಬರೆಯಲಿ, ಮೊದಲ ಪ್ಯಾರಾದಲ್ಲೇ ಇಂಗ್ಲೆಂಡಿನ ಸಂಗೀತಗಾರ ಬ್ರಯಾನ್ ಈನೊ ಬಂದು ಕೂತಿರುತ್ತಾರೆ. 1982ರ ಒಂದು ಪತ್ರಿಕಾ ಸಂದರ್ಶನದಲ್ಲಿ ಅವರು ಆಡಿದ ಮಾತು ಇದು: ಆ ಬ್ಯಾಂಡಿನ ಮೊದಲ ಎಲ್‌ಪಿ ಐದು ವರ್ಷದಲ್ಲಿ ಖರ್ಚಾಗಿದ್ದು ಬರೀ 30,000 ಪ್ರತಿ, ಆದರೆ ಕೊಂಡವರೆಲ್ಲ ಒಂದೊಂದು ಬ್ಯಾಂಡ್ ಕಟ್ಟಿದರು. ಕೇಳೋಕೆ ಚೆಂದ. ಲೆಕ್ಕ ಮಾತ್ರ ತಪ್ಪು. ರೆಕಾರ್ಡ್ ಬಂದಿದ್ದು 1967ರ ಮಾರ್ಚ್‌ನಲ್ಲಿ. ಕಂಪನಿಯ ರಾಯಲ್ಟಿ ಕಾಗದದ ಪ್ರಕಾರ 1969ರ ಫೆಬ್ರವರಿ ಹೊತ್ತಿಗೇ ಮಾರಾಟ 58,000 ದಾಟಿತ್ತು. ಅಮೆರಿಕದ ಜನಪ್ರಿಯ ರೆಕಾರ್ಡುಗಳ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಆಗ ಏರಿದ್ದು 171ನೇ ಸ್ಥಾನದವರೆಗೆ. ಹಿಟ್ ಅನ್ನಲಾಗದು ನಿಜ, ಆದರೆ ಯಾರೂ ಮೂಸಿ ನೋಡದ ರೆಕಾರ್ಡೂ ಆಗಿರಲಿಲ್ಲ.

ಅಂಕಿ ತಪ್ಪಾದರೆ ಹೋಗಲಿ. ಆ ಮಾತು ಪದೇ ಪದೇ ಉರುಳಿ ಉರುಳಿ ಅಸಲು ಪ್ರಶ್ನೆಯನ್ನೇ ಮುಚ್ಚಿಹಾಕಿದೆ. ಕೊಂಡವರು ಅದರಲ್ಲಿ ಕೇಳಿಸಿಕೊಂಡಿದ್ದೇನು? ಯಾವ ಧೈರ್ಯದ ಮೇಲೆ ತಾವೂ ಬ್ಯಾಂಡ್ ಕಟ್ಟಿದರು? ಕವರಿನ ಮೇಲಿನ ಬಾಳೆಹಣ್ಣು, ಕಪ್ಪು ಕನ್ನಡಕ, ಹೆರಾಯಿನ್ ಬಗ್ಗೆ ಹಾಡು, ಇವುಗಳಿಂದ ಉತ್ತರ ಸಿಗುವುದಿಲ್ಲ. ಆ ನಾಲ್ಕು ಜನ ತಮ್ಮ ವಾದ್ಯಗಳಿಗೆ ಏನು ಮಾಡಿದರು ಅಂತ ನೋಡಿದರೆ ಸಿಗುತ್ತದೆ. ಹಾಗಾಗಿ ಈ ಬರಹ ಪೂರ್ತಿ ತಂತಿ, ಕುದುರೆ (ತಂತಿಗಳನ್ನು ಎತ್ತಿ ಹಿಡಿಯುವ ಮರದ ತುಂಡು, ಬ್ರಿಡ್ಜ್), ಡ್ರಮ್ಮು, ಆಂಪ್ಲಿಫೈಯರ್ ಬಗ್ಗೆ. ಬ್ಯಾಂಡಿನ ಬೆನ್ನಿಗಿದ್ದ ಚಿತ್ರಕಲಾವಿದ ಆಂಡಿ ವಾರ್‌ಹೋಲ್ ಸುತ್ತಲಿನ ಗಾಸಿಪ್ ಬೇಕಾದವರಿಗೆ ಇಲ್ಲಿ ಊಟವಿಲ್ಲ.

ಹೆಸರುಗಳನ್ನು ಒಮ್ಮೆ ಹೇಳಿ ಮುಗಿಸುತ್ತೇನೆ. ಹಾಡು ಬರೆದು ಗಿಟಾರ್ ನುಡಿಸಿದವರು ಲೂ ರೀಡ್. ವೇಲ್ಸ್‌ನ ಗಣಿ ಪ್ರದೇಶದಿಂದ ಸ್ಕಾಲರ್‌ಶಿಪ್ ಮೇಲೆ 1963ರಲ್ಲಿ ಅಮೆರಿಕಕ್ಕೆ ಬಂದು ವಯೋಲಾ (ಪಿಟೀಲಿಗಿಂತ ಸ್ವಲ್ಪ ದೊಡ್ಡದಾದ, ತಗ್ಗು ದನಿಯ ವಾದ್ಯ), ಬೇಸ್, ಆರ್ಗನ್ ಮೂರನ್ನೂ ಹಿಡಿದವರು ಜಾನ್ ಕೇಲ್. ಇನ್ನೊಂದು ಗಿಟಾರ್ ಸ್ಟರ್ಲಿಂಗ್ ಮಾರಿಸನ್ ಅವರದು. 1965ರ ಡಿಸೆಂಬರ್‌ನಲ್ಲಿ ಡ್ರಮ್ಮಿಗೆ ಬಂದವರು ಮೋ ಟಕ್ಕರ್. ಮೊದಲ ರೆಕಾರ್ಡಿನ ಕೆಲವು ಹಾಡಿಗೆ ಜರ್ಮನಿಯ ನಿಕೊ ದನಿ ಕೊಟ್ಟರು.

ಕತೆ ಶುರುವಾಗುವುದು ಒಂದು ಅಗ್ಗದ ಕೆಲಸದಿಂದ. 1964ರಲ್ಲಿ ರೀಡ್ ನ್ಯೂಯಾರ್ಕಿನ ಪಿಕ್‌ವಿಕ್ ಅನ್ನುವ ಕಂಪನಿಯಲ್ಲಿ ಸಂಬಳಕ್ಕೆ ಹಾಡು ಬರೆಯುತ್ತಿದ್ದರು. ಆ ವಾರ ಯಾವ ಶೈಲಿ ಓಡುತ್ತಿದೆಯೋ ಅದರ ನಕಲು ಮಾಡಿ ಕಡಿಮೆ ಬೆಲೆಗೆ ಮಾರುವ ವ್ಯಾಪಾರ ಅದು. ಅಲ್ಲೇ ಅವರು 'ದಿ ಆಸ್ಟ್ರಿಚ್' ಅಂತ ಒಂದು ಕುಣಿತದ ಹಾಡು ಬರೆದರು. ಅದಕ್ಕೆ ಗಿಟಾರಿನ ಆರೂ ತಂತಿಗಳನ್ನು ಒಂದೇ ಸ್ವರಕ್ಕೆ ಶ್ರುತಿ ಮಾಡಿದರು. ಹಾಡಿನ ಪ್ರಚಾರಕ್ಕೆ ಉದ್ದ ಕೂದಲಿನ ಹುಡುಗರು ಬೇಕು ಅಂತ ಕಂಪನಿ ಹಿಡಿದು ತಂದವರಲ್ಲಿ ಕೇಲ್ ಒಬ್ಬರು, ಟೋನಿ ಕಾನ್ರಾಡ್ ಇನ್ನೊಬ್ಬರು. ಇಬ್ಬರೂ ಆಗ ಅಮೆರಿಕದ ಸಂಗೀತ ಸಂಯೋಜಕ ಲಾ ಮಾಂಟೆ ಯಂಗ್ ಅವರ ತಂಡದಲ್ಲಿ ಒಂದೇ ಶ್ರುತಿಯನ್ನು ಗಂಟೆಗಟ್ಟಲೆ ಹಿಡಿದು ಕೂರುವ ಸಾಧನೆಯಲ್ಲಿದ್ದವರು. ತಾವು ಇಷ್ಟೊಂದು ತಪಸ್ಸಿನಿಂದ ಹುಡುಕುತ್ತಿದ್ದುದು ಈ ಸಂಬಳದ ಹುಡುಗನ ಗಿಟಾರಿನಲ್ಲಿ ಸುಮ್ಮನೆ ಬಿದ್ದಿದೆ ಅಂತ ಅವರು ದಂಗಾದರು. ಬ್ಯಾಂಡಿನ ಬೀಜ ಬಿದ್ದಿದ್ದು ಅಲ್ಲಿ. 'ವೀನಸ್ ಇನ್ ಫರ್ಸ್', 'ಆಲ್ ಟುಮಾರೋಸ್ ಪಾರ್ಟೀಸ್' ಎರಡರಲ್ಲೂ ರೀಡ್ ಬಳಸಿದ್ದು ಇದೇ ಶ್ರುತಿ.

ಮನೆಯಲ್ಲಿ ಇದನ್ನು ಮಾಡಿ ನೋಡುವವರಿಗೆ ಒಂದು ಎಚ್ಚರಿಕೆ. ಮಾಮೂಲಿ 010–046 ತಂತಿ ಸೆಟ್ಟನ್ನೇ (ಈ ಅಂಕಿಗಳು ತಂತಿಯ ದಪ್ಪ, ಇಂಚಿನ ಸಾವಿರದ ಪಾಲಿನಲ್ಲಿ) ಇಟ್ಟುಕೊಂಡು ಎಲ್ಲವನ್ನೂ ಡಿ ಸ್ವರಕ್ಕೆ ತಿರುಗಿಸಿದರೆ ಎರಡು ಕಡೆ ಕೆಡುತ್ತದೆ. ಐದನೇ ತಂತಿಯನ್ನು ಎ ಇಂದ ಡಿಗೆ ಏರಿಸಿದರೆ ಎಳೆತ ಹೆಚ್ಚುಕಡಿಮೆ 1.8 ಪಟ್ಟಾಗುತ್ತದೆ, ತಂತಿ ಹರಿಯಬಹುದು, ಗಿಟಾರಿನ ಕುತ್ತಿಗೆಯೂ ಬಾಗಬಹುದು. ಮೂರನೇ ತಂತಿಯನ್ನು ಜಿ ಇಂದ ಡಿಗೆ ಇಳಿಸಿದರೆ ಅದು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಜೋಲುತ್ತದೆ. ಆದ್ದರಿಂದ ತಂತಿಗಳನ್ನು ಬಿಡಿಬಿಡಿಯಾಗಿ ಕೊಳ್ಳಿ. ಒಂದು ಮತ್ತು ಎರಡನೆಯದಕ್ಕೆ 011, ಮೂರನೆಯದಕ್ಕೆ ಸುತ್ತಿಲ್ಲದ 020, ನಾಲ್ಕು ಮತ್ತು ಐದನೆಯದಕ್ಕೆ 026, ಆರನೆಯದಕ್ಕೆ ಅದೇ 046. ಮೊದಲೆರಡು ಮೇಲಿನ ಡಿ, ನಡುವಿನ ಮೂರು ಅದರ ಕೆಳಗಿನ ಡಿ, ಆರನೆಯದು ಇನ್ನೂ ಕೆಳಗಿನದು. ಮೂರನೇ ತಂತಿಗೂ 026 ಹಾಕಿದರೆ ಆಗದೇ ಅಂತ ಕೇಳಬಹುದು. ತಲೆಯ ಬಳಿಯ ನಟ್‌ನಲ್ಲಿ ಆ ಕಚ್ಚು ಸಣ್ಣದಿರುತ್ತದೆ, ತಂತಿ ಒಳಗೆ ಕೂರದೆ ಮೇಲೆ ಎದ್ದು ನಿಲ್ಲುತ್ತದೆ. ಅರದಲ್ಲಿ ಉಜ್ಜಿದರೆ ಮತ್ತೆ ಮಾಮೂಲಿ ತಂತಿ ಹಾಕಿದಾಗ ಗಿರಗುಟ್ಟುತ್ತದೆ.

ಇನ್ನೊಂದು ತಪ್ಪು ಅತಿ ಶುದ್ಧಿ. ಟ್ಯೂನರ್ ನೋಡಿಕೊಂಡು ಆರೂ ತಂತಿಯನ್ನು ಕೂದಲೆಳೆಯೂ ಆಚೀಚೆ ಆಗದಂತೆ ಕೂಡಿಸಿದರೆ ಸದ್ದು ಸತ್ತ ಹಾಗಿರುತ್ತದೆ. ಮೇಲಿನ ಡಿ ಸುಮಾರು 294 ಹರ್ಟ್ಸ್, ಅಂದರೆ ಸೆಕೆಂಡಿಗೆ ಅಷ್ಟು ಕಂಪನ. ಜೋಡಿಯ ಒಂದು ತಂತಿಯನ್ನು 3 ಸೆಂಟ್‌ನಷ್ಟು ಸಡಿಲಿಸಿ (ನೂರು ಸೆಂಟ್ ಅಂದರೆ ಒಂದು ಅರ್ಧಸ್ವರ), ಆಗ ಎರಡು ಸೆಕೆಂಡಿಗೆ ಒಂದು ಸಲ ಸದ್ದು ಉಬ್ಬಿ ತಗ್ಗುತ್ತದೆ. 10 ಸೆಂಟ್ ಆದರೆ ಸೆಕೆಂಡಿಗೆ ಎರಡು ಸಲದ ಹತ್ತಿರ ಬಂದು ತಲೆ ತಿರುಗಿಸುತ್ತದೆ. ತಂಬೂರಿ ಕೂಡಿಸಿ ಗೊತ್ತಿರುವವರಿಗೆ ಈ ಉಬ್ಬರ ಹೊಸದೇನಲ್ಲ. ಎರಡು ನಡುವಿನ ಸಾ ತಂತಿಗಳ ನಡುವೆ ಅವರು ಕಿವಿ ಕೊಟ್ಟು ಹುಡುಕುವುದು ಇದನ್ನೇ.

ಈಗ ವಯೋಲಾ. ಈ ಬ್ಯಾಂಡನ್ನು ಬೇರೆಲ್ಲ ರಾಕ್ ಬ್ಯಾಂಡುಗಳಿಂದ ಬೇರ್ಪಡಿಸಿದ ವಾದ್ಯ ಯಾವುದು ಅಂತ ಒಂದೇ ಹೆಸರು ಹೇಳಬೇಕಾದರೆ ನನ್ನ ಓಟು ಇದಕ್ಕೆ. ಪಿಟೀಲು, ವಯೋಲಾ ಎರಡರ ಕುದುರೆಯೂ ಕಮಾನಿನ ಹಾಗೆ ಬಾಗಿರುತ್ತದೆ. ನುಡಿಸುವ ಕಮಾನು ಒಂದು ತಂತಿಗೆ, ಹೆಚ್ಚೆಂದರೆ ಎರಡಕ್ಕೆ ತಾಗಲಿ ಅಂತಲೇ ಆ ಬಾಗು. ಕೇಲ್ ಆ ಬಾಗನ್ನು ಉಜ್ಜಿ ಸಪಾಟು ಮಾಡಿದರು. ಒಂದೇ ಎಳೆತಕ್ಕೆ ಮೂರು ತಂತಿ ಮೊಳಗುವಂತಾಯಿತು. ಮೇಲೆ ಗಿಟಾರಿನ ಉಕ್ಕಿನ ತಂತಿ ಹಾಕಿ, ತಂತಿಯ ಕಂಪನ ಹಿಡಿಯುವ ಪಿಕಪ್ ಕೂರಿಸಿ, ಆಂಪ್ಲಿಫೈಯರ್‌ಗೆ ಜೋಡಿಸಿದರು. ವಿಮಾನ ಎದ್ದ ಹಾಗಿರುತ್ತಿತ್ತು ಅಂತ ಅವರೇ ವರ್ಣಿಸಿದ್ದಾರೆ.

ಬೆಲೆ ತೆರಲೇಬೇಕಾಯಿತು: ಸಪಾಟು ಕುದುರೆಯ ಮೇಲೆ ಒಂದೇ ತಂತಿಯಲ್ಲಿ ರಾಗ ನುಡಿಸುವುದು ಕಷ್ಟ, ಪಕ್ಕದ ತಂತಿ ಕರೆಯದೇ ಬರುತ್ತದೆ. ನಡುವಿನ ಎರಡು ತಂತಿ ಕೆಳಗಿಳಿಯುವುದರಿಂದ ಕಮಾನನ್ನು ಒತ್ತಿದರೆ ಬೆರಳುಹಲಗೆಗೆ ಬಡಿಯುತ್ತವೆ. ಅಂದರೆ ವಾದ್ಯದಿಂದ ಮಾಧುರ್ಯವನ್ನು ಬೇಕಂತಲೇ ಕಿತ್ತುಕೊಂಡು ಬದಲಿಗೆ ಶ್ರುತಿಯನ್ನು ತುಂಬಿದ ಹಾಗೆ. ಮಾಡಿ ನೋಡುವ ಪಿಟೀಲಿನವರು ಇರುವ ಕುದುರೆಯನ್ನು ದಯವಿಟ್ಟು ಉಜ್ಜಬೇಡಿ. ಬೇರೊಂದು ಕೊಂಡು, ಎರಡೂ ಬದಿಯನ್ನು ಎತ್ತರವಾಗಿ ಬಿಟ್ಟು, ನಡುವನ್ನಷ್ಟೇ ಸ್ವಲ್ಪ ಸ್ವಲ್ಪ ತೆಗೆಯುತ್ತಾ ಹೋಗಿ.

ಕೇಲ್ ಶ್ರುತಿ ಹಿಡಿದಿದ್ದು ಯಾವುದಕ್ಕೆ ಅನ್ನುವುದು ಇನ್ನೂ ಸ್ವಾರಸ್ಯ. ಯಂಗ್ ತಂಡದ ದಿನಗಳಲ್ಲಿ ಅವರಿಗೆ ಕೈಗೆ ಸಿಕ್ಕ ಅತ್ಯಂತ ಸ್ಥಿರವಾದ ಶ್ರುತಿ ಫ್ರಿಜ್ಜಿನ ಗುಂಯ್ ಸದ್ದು, ಅಮೆರಿಕದ ಕರೆಂಟಿನ 60 ಹರ್ಟ್ಸ್. ಪಾಶ್ಚಾತ್ಯ ನಾಗರಿಕತೆಯ ಶ್ರುತಿಯೇ ಅದು ಅನ್ನುವುದು ಕೇಲ್ ಮಾತು. ನಮ್ಮ ಕರೆಂಟು 50 ಹರ್ಟ್ಸ್. ಹತ್ತಿರದ ಜಿ ಸ್ವರಕ್ಕಿಂತ ಅರ್ಧಸ್ವರದ ಮೂರನೇ ಒಂದು ಪಾಲು ಮೇಲೆ ಕೂರುತ್ತದೆ. ಇಲ್ಲಿ ಯಾರಾದರೂ ಡ್ರೋನ್ ಸಂಗೀತ (ಒಂದೇ ಶ್ರುತಿ ಹಿಡಿದು ನಿಲ್ಲುವಂಥದ್ದು) ಮಾಡುವುದಾದರೆ ವಾದ್ಯಗಳನ್ನೆಲ್ಲ ಆ ಜಿಗೆ ಏರಿಸಿಕೊಂಡರೆ ಆಂಪ್ಲಿಫೈಯರಿನ ಗುಂಯ್ಗುಡುವಿಕೆ ಜಗಳ ಬಿಟ್ಟು ಪಕ್ಕವಾದ್ಯವಾಗುತ್ತದೆ. ಗುಂಯ್ ಸದ್ದು ನಿಲ್ಲಲಿ ಅಂತ ಪ್ಲಗ್ಗಿನ ಅರ್ಥ್ ಪಿನ್ ಕೀಳುವವರಿದ್ದಾರೆ. ಸದ್ದಿನ ಜೊತೆ ನುಡಿಸುವವರೂ ನಿಂತುಬಿಡಬಹುದು, ಬೇಡ.

ಶ್ರುತಿ, ತಂಬೂರಿ ಅಂದ ಕೂಡಲೇ ಇದೆಲ್ಲ ನಮ್ಮಿಂದಲೇ ಹೋಗಿದ್ದು ಅನ್ನುವ ಉಮೇದು ಬರುತ್ತದೆ. ಕ್ಯಾಲೆಂಡರ್ ಒಪ್ಪುವುದಿಲ್ಲ. ಲಾ ಮಾಂಟೆ ಯಂಗ್ ಕಿರಾನಾ ಘರಾಣೆಯ ಪಂಡಿತ್ ಪ್ರಾಣನಾಥ್ ಅವರ ಶಿಷ್ಯರಾದದ್ದು ನಿಜ. ಪ್ರಾಣನಾಥ್ ಗುರು ಅಬ್ದುಲ್ ವಹೀದ್ ಖಾನ್. ಅವರ ಬಂಧು ಅಬ್ದುಲ್ ಕರೀಂ ಖಾನ್ ಅವರಿಂದ ಕುಂದಗೋಳದ ಸವಾಯಿ ಗಂಧರ್ವರಿಗೆ, ಅವರಿಂದ ಗಂಗೂಬಾಯಿ ಹಾನಗಲ್ ಮತ್ತು ಭೀಮಸೇನ ಜೋಶಿಯವರಿಗೆ ಬಂದ ಮನೆತನವೇ ಇದು. ಆದರೆ ಪ್ರಾಣನಾಥ್ ನ್ಯೂಯಾರ್ಕಿಗೆ ಬಂದಿದ್ದು 1970ರಲ್ಲಿ. ಅಷ್ಟರಲ್ಲಿ ಕೇಲ್ ಯಂಗ್ ತಂಡ ಬಿಟ್ಟು ನಾಲ್ಕು ವರ್ಷದ ಮೇಲಾಗಿತ್ತು, ವೆಲ್ವೆಟ್ಸ್‌ನಿಂದ ಹೊರಬಿದ್ದೂ ಆಗಿತ್ತು. ಅದಕ್ಕೂ ಮುಂಚೆ ಯಂಗ್ ಕಿವಿಗೆ ಬಿದ್ದ ಹಿಂದೂಸ್ತಾನಿ ಸಂಗೀತ ಹೆಚ್ಚಾಗಿ ಎಲ್‌ಪಿಗಳ ಮೂಲಕ ಬಂದದ್ದು. ಒಂದೇ ಬೆಟ್ಟಕ್ಕೆ ಎರಡು ಕಡೆಯಿಂದ ಹತ್ತಿದವರು ಆಮೇಲೆ ಭೇಟಿಯಾದರು, ಅಷ್ಟೇ ಹೇಳಬಹುದು. ಸದ್ದು ಹುಟ್ಟುವ ಬಗೆಯೂ ಬೇರೆ. ತಂಬೂರಿಯಲ್ಲಿ ಅಗಲ ಕುದುರೆಯ ಮೇಲೆ ತಂತಿ ಸವರುತ್ತಾ ಕಂಪಿಸಿ ಜವಾರಿ ಏಳುತ್ತದೆ (ಧಾರವಾಡದ ಕಡೆ ಜವಾರಿ ಅಂದರೆ ನಾಟಿ ಅಂತಲೂ ಅರ್ಥ, ಎರಡೂ ಇಲ್ಲಿಗೆ ಒಪ್ಪುತ್ತದೆ). ಕೇಲ್ ವಯೋಲಾದಲ್ಲಿ ಆ ಕೆಲಸ ಮಾಡಿದ್ದು ಉಕ್ಕಿನ ತಂತಿ ಮತ್ತು ಮಿತಿ ಮೀರಿ ಏರಿಸಿದ ಆಂಪ್ಲಿಫೈಯರ್.

ಮಿತಿ ಮೀರಿದ ಆಂಪ್ಲಿಫೈಯರ್ ಮತ್ತು ಒಂದೇ ಶ್ರುತಿ ಯಾಕೆ ಜೊತೆಯಾಗಿ ಬಂದವು ಅನ್ನುವುದಕ್ಕೆ ಗಟ್ಟಿ ಕಾರಣವಿದೆ. ಈ ಬ್ಯಾಂಡಿನ ಪಾಠಗಳಲ್ಲಿ ನನಗೆ ಅತ್ಯಂತ ಇಷ್ಟವಾದದ್ದು ಇದೇ. ಎರಡು ಸ್ವರಗಳನ್ನು ಒಟ್ಟಿಗೆ ಡಿಸ್ಟಾರ್ಷನ್‌ಗೆ (ಆಂಪ್ಲಿಫೈಯರ್ ಮಿತಿ ಮೀರಿ ಸದ್ದು ಒರಟಾಗುವುದಕ್ಕೆ) ಹಾಕಿದರೆ ಅವುಗಳ ವ್ಯತ್ಯಾಸದ ಕಂಪನವೂ ಹೊಸದಾಗಿ ಹುಟ್ಟುತ್ತದೆ. ಸಾ 146.8 ಹರ್ಟ್ಸ್, ಶುದ್ಧ ಪಂಚಮ 220.2 ಅಂದುಕೊಳ್ಳಿ. ವ್ಯತ್ಯಾಸ 73.4, ಸರಿಯಾಗಿ ಕೆಳಗಿನ ಸಾ. ಪುಕ್ಕಟೆಯಾಗಿ ಒಂದು ಬೇಸ್ ಸಿಕ್ಕಿತು. ಈಗ ಪಂಚಮ ತೆಗೆದು ಗಿಟಾರಿನ ಗಾಂಧಾರ ಹಾಕಿ, 185 ಹರ್ಟ್ಸ್. ವ್ಯತ್ಯಾಸ 38.2. ಕೂರಬೇಕಾದದ್ದು 36.7ರ ಸಾ ಮೇಲೆ, ಕೂತಿದ್ದು ಅದಕ್ಕಿಂತ ಸುಮಾರು 67 ಸೆಂಟ್ ಮೇಲೆ, ಎರಡು ಸ್ವರದ ನಡುವಿನ ಚರಂಡಿಯಲ್ಲಿ. ಮೂರು ಸ್ವರದ ಕಾರ್ಡ್ ಅನ್ನು ಫಜ್ (ಡಿಸ್ಟಾರ್ಷನ್ನಿನ ಒಂದು ಬಗೆ) ಹಾಕಿ ಹೊಡೆದಾಗ ಕೆಸರಾಗುವುದು ಇದರಿಂದ. ಹಾರ್ಮೋನಿಯಂ ಗಾಂಧಾರ ತಂಬೂರಿಯ ಗಾಂಧಾರಕ್ಕೆ ಕೂಡುವುದಿಲ್ಲ ಅಂತ ನಮ್ಮ ಗಾಯಕರು ಮಾಡುವ ತಕರಾರಿಗೂ ಇದಕ್ಕೂ ಬೇರು ಒಂದೇ: ಆ ಗಾಂಧಾರ 14 ಸೆಂಟ್ ಏರು. ಡಿಸ್ಟಾರ್ಷನ್ ಆ ಸಣ್ಣ ತಪ್ಪನ್ನು ಹಿಗ್ಗಿಸಿ ತೋರಿಸುತ್ತದೆ. ಆರೂ ತಂತಿ ಸಾ ಆಗಿದ್ದರೆ, ವಯೋಲಾ ಖಾಲಿ ತಂತಿಗಳ ಪಂಚಮದ ಮೇಲೆ ನಿಂತಿದ್ದರೆ, ಎಷ್ಟೇ ಏರಿಸಿದರೂ ಸದ್ದು ಒಡೆಯದೆ ದಪ್ಪವಾಗುತ್ತಾ ಹೋಗುತ್ತದೆ.

ಡ್ರಮ್ಮಿನ ಕಡೆ ಬಂದರೆ ಮೋ ಟಕ್ಕರ್ ಕೂರಲಿಲ್ಲ, ನಿಂತರು. ಕಾಲಿನಲ್ಲಿ ಒದೆಯುವ ಬೇಸ್ ಡ್ರಮ್ಮನ್ನು ಮಗ್ಗುಲಾಗಿ ಮಲಗಿಸಿ, ಉಣ್ಣೆ ಮುಂಡಾಸಿನ ಕೋಲಿನಿಂದ ಬಡಿದರು. ಸಿಂಬಲ್, ಅಂದರೆ ಬಡಿಯುವ ಲೋಹದ ತಟ್ಟೆ, ಹೆಚ್ಚುಕಡಿಮೆ ಇಲ್ಲವೇ ಇಲ್ಲ. ನೈಜೀರಿಯಾದ ಬಾಬಾತುಂಡೆ ಒಲಾತುಂಜಿ ಮತ್ತು ಬೊ ಡಿಡ್ಲಿ ಅವರಿಗೆ ಮಾದರಿ. ಇದನ್ನು ಕೆಲವರು ಬಾರದವರ ಬಾರಿಸುವಿಕೆ ಅನ್ನುತ್ತಾರೆ, ಕಿವಿ ಇಲ್ಲದ ಮಾತು. ಸಿಂಬಲ್ಲಿನ ಸದ್ದು ಇರುವ ಎತ್ತರದ ಜಾಗದಲ್ಲೇ ಫಜ್ ಗಿಟಾರಿನ, ವಯೋಲಾದ ಮೇಲುದನಿಗಳೂ ಇವೆ. ಅಲ್ಲಿ ತಟ್ಟೆ ಬಡಿದರೆ ಮೂರೂ ಕಲಸಿ ರವೆಯಾಗುತ್ತವೆ, ಹಾಡಿನ ಮಾತೂ ಮುಳುಗುತ್ತದೆ. ಮೇಲಿನ ಜಾಗವನ್ನು ಖಾಲಿ ಬಿಟ್ಟು ಕೆಳಗೆ ನೆಲ ಹಾಕಿದ್ದು ಟಕ್ಕರ್ ಜಾಣತನ. ಮನೆಯಲ್ಲಿ ರೆಕಾರ್ಡ್ ಮಾಡುವ ಹುಡುಗರು ಗಿಟಾರ್ ಕೇಳುತ್ತಿಲ್ಲ ಅಂತ ಗಿಟಾರನ್ನೇ ಏರಿಸುತ್ತಾ ಹೋಗುತ್ತಾರೆ. ಒಂದು ಸಲ ಸಿಂಬಲ್ ಟ್ರ್ಯಾಕನ್ನು ಪೂರ್ತಿ ಮುಚ್ಚಿ ಕೇಳಿ ನೋಡಲಿ.

ರೆಕಾರ್ಡಿಂಗಿನ ವಿಷಯ ಬೇಗ ಹೇಳಿ ಮುಗಿಸಬಹುದು. ಮೊದಲ ಎಲ್‌ಪಿಯ ಬಹುಪಾಲು 1966ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಸೆಪ್ಟರ್ ಸ್ಟುಡಿಯೊದಲ್ಲಿ ಕೆಲವೇ ದಿನಗಳಲ್ಲಿ ಆಯಿತು. ಮೂರು ಹಾಡನ್ನು ಮುಂದಿನ ತಿಂಗಳು ಹಾಲಿವುಡ್‌ನಲ್ಲಿ ನಿರ್ಮಾಪಕ ಟಾಮ್ ವಿಲ್ಸನ್ ಮತ್ತೆ ಮಾಡಿಸಿದರು. ಕವರಿನ ಮೇಲೆ ನಿರ್ಮಾಪಕ ಅಂತ ಹೆಸರಿದ್ದ ವಾರ್‌ಹೋಲ್ ಗುಂಡಿ ತಿರುಗಿಸಿದವರಲ್ಲ. ಅವರ ಹೆಸರಿನ ಮರೆಯಲ್ಲಿ ಯಾರೂ ಈ ಹುಡುಗರಿಗೆ ಬುದ್ಧಿ ಹೇಳಲು ಬರಲಿಲ್ಲ ಅನ್ನುವುದೇ ಅವರ ದೊಡ್ಡ ಕೊಡುಗೆ.

ಎರಡನೆಯ ಎಲ್‌ಪಿ, 1968ರ 'ವೈಟ್ ಲೈಟ್/ವೈಟ್ ಹೀಟ್', ಬೇರೆಯೇ ಪ್ರಾಣಿ. ಪಟ್ಟಿಯಲ್ಲಿ 199ಕ್ಕೆ ಬಂದು ಬಿದ್ದುಹೋಯಿತು. ಅದರ ಕೊನೆಯ ಹಾಡು 'ಸಿಸ್ಟರ್ ರೇ' 17 ನಿಮಿಷದ ಮೇಲಿದೆ, ಒಂದೇ ಟೇಕ್, ಬೇಸ್ ಗಿಟಾರೇ ಇಲ್ಲ. ಕೇಲ್ ವಾಕ್ಸ್ ಆರ್ಗನ್ನನ್ನು ಗಿಟಾರ್ ಆಂಪ್ಲಿಫೈಯರ್ ಮೂಲಕ ಹಾಯಿಸಿ ರೀಡ್ ಜೊತೆ ಜಿದ್ದಿಗೆ ಬಿದ್ದಿದ್ದಾರೆ; ಒಬ್ಬರು ಏರಿಸಿದರೆ ಇನ್ನೊಬ್ಬರೂ ಏರಿಸುತ್ತಾರೆ. ಎಂಜಿನಿಯರ್ ಯಂತ್ರ ಚಾಲು ಮಾಡಿ, ಮುಗಿದ ಮೇಲೆ ಕರೆಯಿರಿ ಅಂತ ಎದ್ದುಹೋದರು ಎಂದು ರೀಡ್ ಹೇಳುತ್ತಿದ್ದರು. ಒಂದು ಕೋಣೆಯಲ್ಲಿ ಎಲ್ಲರೂ ಅಷ್ಟು ಜೋರಾಗಿ ನುಡಿಸಿದಾಗ ಪ್ರತಿಯೊಂದು ಮೈಕಿಗೂ ಎಲ್ಲರ ಸದ್ದೂ ಸೋರುತ್ತದೆ, ಮೀಟರಿನ ಮುಳ್ಳು ಕೆಂಪಿನಲ್ಲೇ ನಿಲ್ಲುತ್ತದೆ. ಟೇಪ್ ಅದನ್ನು ಮೆತ್ತಗೆ ಅಮುಕಿ ಸಹಿಸಿಕೊಳ್ಳುತ್ತದೆ. ಇವತ್ತು ಲ್ಯಾಪ್‌ಟಾಪಿನಲ್ಲಿ ಹಾಗೆ ಕೆಂಪಿಗೆ ಏರಿಸಿದರೆ ಅಲೆಯ ತಲೆ ಕತ್ತರಿಸಿ ಚಟಪಟ ಅನ್ನುತ್ತದೆ, ಆ ಸದ್ದು ಬರುವುದಿಲ್ಲ. ಆಂಪ್ಲಿಫೈಯರನ್ನು ಏರಿಸಿ, ರೆಕಾರ್ಡಿಂಗ್ ಮಟ್ಟವನ್ನು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ಇಡಿ.

1968ರ ಶರತ್ಕಾಲದಲ್ಲಿ ರೀಡ್ ಕೇಲ್ ಅವರನ್ನು ಹೊರಹಾಕಿದರು. ಬಂದವರು ಡಗ್ ಯೂಲ್, ಒಳ್ಳೆಯ ಸಂಗೀತಗಾರ. ಮೂರನೆಯ ಎಲ್‌ಪಿ ಪಿಸುಮಾತಿನಷ್ಟು ಮೆತ್ತಗಿದೆ, ಹಾಡುಗಳು ಬಂಗಾರ. ನಾಲ್ಕನೆಯದಾದ 'ಲೋಡೆಡ್' 1970ರ ನವೆಂಬರಿನಲ್ಲಿ ಹೊರಬರುವಷ್ಟರಲ್ಲಿ ರೀಡ್ ಕೂಡ ಬಿಟ್ಟುಹೋಗಿದ್ದರು, ಗರ್ಭಿಣಿಯಾಗಿದ್ದ ಟಕ್ಕರ್ ಅದರಲ್ಲಿ ನುಡಿಸಲೇ ಇಲ್ಲ. 'ಲೋಡೆಡ್' ಹಾಡುಗಳು ಬೇರೆ ಯಾವುದಾದರೂ ಒಳ್ಳೆಯ ಬ್ಯಾಂಡಿನದೂ ಆಗಿರಬಹುದಿತ್ತು. ಅಭಿಮಾನಿಗಳು ಬೈದರೂ ಪರವಾಗಿಲ್ಲ.

ಈ ಒಡಕಿನಿಂದಲೇ ಆಸ್ತಿ ಎರಡು ಪಾಲಾಯಿತು. ರೀಡ್ ಪಾಲು ತೆಗೆದುಕೊಂಡವರು ಬಹಳ: ಎರಡು ಕಾರ್ಡ್, ಮಾತಾಡಿದಂತೆ ಹಾಡುವುದು, ಬೀದಿಯ ಪಾತ್ರಗಳು, ಜೊತೆಗೆ ಕನ್ನಡಕ ಮತ್ತು ಸಿಡುಕು ಮುಖ. ಅದು ಸುಲಭ, ಅಗ್ಗ. ಕೇಲ್ ಪಾಲಿಗೆ ಕೈ ಹಾಕಿದವರು ಕಡಿಮೆ, ಅದನ್ನು ಹೆಚ್ಚಾಗಿ ಹಂಚಿದ್ದು ಸ್ವತಃ ಕೇಲ್. 1969ರಲ್ಲಿ ದಿ ಸ್ಟೂಜಸ್ ಮೊದಲ ಎಲ್‌ಪಿ ಮಾಡಿಸಿದವರು ಅವರೇ. ಅದರ ಪ್ರಸಿದ್ಧ ಹಾಡೊಂದರ ಉದ್ದಕ್ಕೂ ಕುಟ್ಟುವ ಪಿಯಾನೊದ ಒಂಟಿ ಸ್ವರ ಕೇಲ್ ಕೈಯದು. ಜೊನಾಥನ್ ರಿಚ್‌ಮನ್ ಅವರ ಮಾಡರ್ನ್ ಲವರ್ಸ್, ಪ್ಯಾಟಿ ಸ್ಮಿತ್ ಅವರ 1975ರ ಮೊದಲ ರೆಕಾರ್ಡ್, ಎಲ್ಲ ಅವರ ಕೈಯಿಂದ ಹಾದುಹೋದವು. ಆಮೇಲೆ ಗ್ಲೆನ್ ಬ್ರಾಂಕಾ ಹಲವು ಗಿಟಾರುಗಳನ್ನು ಒಂದೇ ಸ್ವರಕ್ಕೆ ಕೂಡಿಸಿ ನಿಲ್ಲಿಸಿದರು, ಆ ಸಾಲಿನಲ್ಲಿ ನಿಂತು ಕಲಿತವರಲ್ಲಿ ಇಬ್ಬರು ಸಾನಿಕ್ ಯೂತ್‌ನಲ್ಲಿದ್ದರು. 1985ರಲ್ಲಿ ಜೀಸಸ್ ಅಂಡ್ ಮೇರಿ ಚೈನ್‌ನ ಡ್ರಮ್ಮರ್ ಎರಡೇ ಡ್ರಮ್ ಇಟ್ಟುಕೊಂಡು ನಿಂತು ಬಾರಿಸಿದರೆ, ಅದು ನೇರ ಟಕ್ಕರ್ ಮನೆಯ ಸೊತ್ತು.

ಈ ಬ್ಯಾಂಡಿನ ಪ್ರಭಾವ ಜೆಕೊಸ್ಲೊವಾಕಿಯಾದ ಪ್ರಾಗ್ ಮುಟ್ಟಿದ ಕತೆಯನ್ನು ಎಲ್ಲರೂ ಅಲ್ಲಿನ ನಾಟಕಕಾರ ವಾತ್ಸ್ಲಾವ್ ಹಾವೆಲ್ ಕಡೆಯಿಂದ ಹೇಳುತ್ತಾರೆ: 1968ರಲ್ಲಿ ನ್ಯೂಯಾರ್ಕಿನಿಂದ ಈ ಬ್ಯಾಂಡಿನ ರೆಕಾರ್ಡ್ ತಂದರು, ಮುಂದೆ ಅಧ್ಯಕ್ಷರಾದರು, 1990ರಲ್ಲಿ ರೀಡ್ ಹೋಗಿ ಭೇಟಿಯಾದರು. ನಾನು ಅಲ್ಲಿನ ಒಂದು ಬ್ಯಾಂಡಿನ ಕಡೆಯಿಂದ ನೋಡುತ್ತೇನೆ. ಆ ಆಗಸ್ಟ್‌ನಲ್ಲಿ ಸೋವಿಯತ್ ಟ್ಯಾಂಕುಗಳು ಬಂದ ಬೆನ್ನಿಗೇ ಹುಟ್ಟಿದ ಪ್ಲಾಸ್ಟಿಕ್ ಪೀಪಲ್ ಆಫ್ ದಿ ಯೂನಿವರ್ಸ್ ಆರಂಭದಲ್ಲಿ ವೆಲ್ವೆಟ್ಸ್ ಹಾಡುಗಳನ್ನೇ ನುಡಿಸಿತು. ಸರ್ಕಾರ ಲೈಸೆನ್ಸ್ ಕಿತ್ತುಕೊಂಡಿತು, 1976ರಲ್ಲಿ ಬಂಧನ, ವಿಚಾರಣೆ. ಅದನ್ನು ಪ್ರತಿಭಟಿಸಿ ಸೇರಿದವರಿಂದ 1977ರ ಜನವರಿಯಲ್ಲಿ ಚಾರ್ಟರ್ 77 ಅನ್ನುವ ಮಾನವ ಹಕ್ಕುಗಳ ಮನವಿ ಹೊರಬಿತ್ತು. ಆ ತಂಡದಲ್ಲಿ ಯಿರ್ಝಿ ಕಾಬೆಶ್ ನುಡಿಸುತ್ತಿದ್ದುದು ವಯೋಲಾ. ಕನ್ನಡಕ, ಬಾಳೆಹಣ್ಣು ಬಿಟ್ಟು ವಾದ್ಯವನ್ನೇ ಎತ್ತಿಕೊಂಡ ವಾರಸುದಾರರು ಅಂದರೆ ಇವರು.

ಹೊಸದಾಗಿ ಕೇಳುವವರು ಮಾತಿನ ಅರ್ಥ ಹುಡುಕುತ್ತಾ ಶುರು ಮಾಡಬೇಡಿ, ಶ್ರುತಿಯಿಂದ ಒಳಗೆ ಹೋಗಿ. ಮೊದಲು 'ವೀನಸ್ ಇನ್ ಫರ್ಸ್', ವಯೋಲಾ ಯಾವ ಸ್ವರವನ್ನು ಬಿಟ್ಟುಕೊಡುವುದೇ ಇಲ್ಲ ಅಂತ ಗಮನಿಸುತ್ತಾ. ಎರಡನೇ ಎಲ್‌ಪಿಯ 'ದಿ ಗಿಫ್ಟ್' ಅನ್ನು ಸ್ಟೀರಿಯೊದಲ್ಲೇ ಕೇಳಿ: ಎಡಗಡೆ ಕೇಲ್ ಓದುವ ಕತೆ, ಬಲಗಡೆ ಬ್ಯಾಂಡು. ಫೋನಿನ ಒಂದೇ ಸ್ಪೀಕರಿನಲ್ಲಿ ಹಾಕಿದರೆ ಎರಡೂ ಕಲಸುತ್ತವೆ. ಇಯರ್‌ಫೋನಿನ ಬಲಗಡೆಯದನ್ನು ತೆಗೆದಿಟ್ಟರೆ ಕತೆ, ಎಡಗಡೆಯದನ್ನು ತೆಗೆದರೆ ಬ್ಯಾಂಡು ಮಾತ್ರ.

ಕೊನೆಗೆ 'ಹೆರಾಯಿನ್'. ಎರಡೇ ಕಾರ್ಡ್, ಏಳು ನಿಮಿಷ, ಲಯ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ. ಐದನೇ ನಿಮಿಷ ದಾಟಿದ ಮೇಲೆ ವಯೋಲಾ ಕಿರುಚಾಟಕ್ಕೆ ಇಳಿಯುತ್ತದೆ, ಅಲ್ಲಿ ಡ್ರಮ್ ಇದ್ದಕ್ಕಿದ್ದಂತೆ ಇಲ್ಲವಾಗುತ್ತದೆ. ಗದ್ದಲದಲ್ಲಿ ಏನೂ ಕೇಳಿಸದೆ ಟಕ್ಕರ್ ಕೈ ನಿಲ್ಲಿಸಿದ್ದು ಅದು. ಉಳಿದವರೂ ನಿಲ್ಲಿಸುತ್ತಾರೆ ಅಂದುಕೊಂಡಿದ್ದರು. ಅವರು ನಿಲ್ಲಿಸಲಿಲ್ಲ. ಸ್ವಲ್ಪ ಹೊತ್ತಿಗೆ ಟಕ್ಕರ್ ಮತ್ತೆ ಸೇರಿಕೊಳ್ಳುತ್ತಾರೆ. ಆ ಟೇಕನ್ನೇ ಅಚ್ಚು ಹಾಕಿದರು.